ಮುಬೀನಾಳ ತಲೆ, ಊರವರ ತೀರ್ಮಾನ

ನಿನ್ನೆ ಸಂಜೆ ಸ್ಕೂಲಿನಿಂದ ಬಂದು, ಬ್ಯಾಗನ್ನು ಮೂಲೆಗೆ ಎಸೆದು, ಸೋಫಾದ ಮೇಲೆ ಧೊಪ್ಪನೆ ಕೂತವಳು ಕೂತಷ್ಟೇ ವೇಗವಾಗಿ ಎದ್ದುಬಿಟ್ಟೆ. ನನ್ನ ಕಿರುಚಾಟ ಕೇಳಿ ನಮ್ಮತ್ತೆ ಅಡುಗೆಮನೆಯಿಂದ ಪೊರಕೆ ಹಿಡಿದೇ ಓಡಿಬಂದರು. "ಏನವ್ವಾ, ಆವಾ, ಚೇಳಾ?" ಹಾವೂ ಅಲ್ಲ, ಚೇಳೂ ಅಲ್ಲ, ಒಂದು ಪಿನ್ನು. ತುದಿಯಲ್ಲಿ ಸಾಸಿವೆಗಿಂತ ತುಸು ದೊಡ್ಡ ಹಸಿರು ಮುತ್ತು ಕೂರಿಸಿದ, ಬಲು ಚೆಂದದ, ಬಲು ಚೂಪಾದ ಪಿನ್ನು. ಅತ್ತೆ ಅದನ್ನು ಬೆಳಕಿಗೆ ಹಿಡಿದು ನೋಡಿ, "ಆ ಅಮ್ಮೀದು ಕಣವ್ವ," ಎಂದು ನಗತೊಡಗಿದರು.

ಆ ಅಮ್ಮಿ ಅಂದರೆ ಮುಬೀನಾ, ನನ್ನ ಗೆಳತಿ. ಐರ್ಲೆಂಡಿನಲ್ಲಿ ನರ್ಸು. ರಜೆಗೆಂದು ಬಂದವಳು ಪಾಂಡವಪುರದ ನಮ್ಮ ಮನೆಯಲ್ಲೂ ನಾಲ್ಕು ದಿನ ಇದ್ದು, ವಾಪಸು ಹೋಗಿ ಹದಿನೈದು ದಿನವಾಯಿತು. ಹೋಗುವ ಮುಂಚೆ ತನ್ನ ಹಿಜಾಬಿನ ಪಿನ್ನುಗಳನ್ನು ಮನೆ ತುಂಬಾ ಬಿತ್ತಿ ಹೋಗಿದ್ದಾಳೆ. ಒಂದು ದಿಂಬಿನ ಗೌಸಿನಲ್ಲಿ ಸಿಕ್ಕಿತು. ಒಂದು ಹತ್ತನೇ ಕ್ಲಾಸಿನ ವಿಜ್ಞಾನ ಪುಸ್ತಕದಲ್ಲಿ, ಜೀರ್ಣಾಂಗಗಳ ಚಿತ್ರದ ಪಕ್ಕ. ಒಂದು ದೇವರ ಮನೆಯ ಬತ್ತಿ ಡಬ್ಬಿಯಲ್ಲಿ; ಅದು ಅಲ್ಲಿಗೆ ಹೇಗೆ ಹೋಯಿತೆಂದು ಅದಕ್ಕೇ ಗೊತ್ತು. ನಿನ್ನೆಯ ಪಿನ್ನು ಚುಚ್ಚಿದ ಜಾಗವನ್ನು ನಿಮಗೆ ಹೇಳುವಂತಿಲ್ಲ, ಆದರೆ ಅದರ ಒಡತಿಯ ಕಥೆ ಹೇಳಬಹುದು. ಕೂತುಕೊಳ್ಳಿ. ಒಮ್ಮೆ ಕೈಯಾಡಿಸಿ ನೋಡಿಯೇ ಕೂತುಕೊಳ್ಳಿ.

ನನ್ನ ತವರು ಬೆಳಗೊಳ. ಪಿಯುಸಿ ಓದಲು ದಿನಾ ಬಸ್ಸಿನಲ್ಲಿ ಶ್ರೀರಂಗಪಟ್ಟಣಕ್ಕೆ ಬರುತ್ತಿದ್ದೆ. ಮುಬೀನಾ ಅಲ್ಲೇ ಗಂಜಾಮಿನವಳು. ಅವಳಪ್ಪ ಕೋಟೆ ನೋಡಲು ಬರುವವರನ್ನು ಕೂರಿಸಿಕೊಂಡು ಟಾಂಗಾ ಓಡಿಸುತ್ತಿದ್ದರು. ಕೆಮಿಸ್ಟ್ರಿ ಲ್ಯಾಬಿನಲ್ಲಿ ನಾವಿಬ್ಬರೂ ಒಂದೇ ಮೇಜಿನ ಪಾಲಿಗೆ ಬಿದ್ದೆವು. ಅಂದು ಶುರುವಾದ ನಗು ಎರಡು ವರ್ಷ ನಿಲ್ಲಲಿಲ್ಲ. ಏನಕ್ಕೆ ನಗುತ್ತಿದ್ದಿರಿ ಎಂದು ಕೇಳಬೇಡಿ. ಹದಿನಾರು ವರ್ಷದ ಇಬ್ಬರು ಹುಡುಗಿಯರಿಗೆ ಕಾರಣ ಯಾಕೆ ಬೇಕು? ನಮ್ಮ ಮನೆಮಾತುಗಳೇ ಸಾಕಾಗಿದ್ದವು. ನಮ್ಮ ಕಡೆ ಹುಡುಗಿಯರನ್ನು 'ಅಮ್ಮೀ' ಎಂದು ಕರೆಯುತ್ತಾರೆ, ಅವರಲ್ಲಿ ಹೆತ್ತ ತಾಯಿಯನ್ನು ಅಮ್ಮಿ ಎನ್ನುತ್ತಾರೆ. ಮೊದಲ ಸಲ ನಮ್ಮ ಮನೆಗೆ ಬಂದಾಗ ನಮ್ಮವ್ವ ಬಾಗಿಲಲ್ಲೇ, "ಬಾ ಅಮ್ಮೀ, ಒಳೀಕ್ ಬಾ," ಎಂದಿದ್ದೇ ತಡ, ಇವಳು ನನ್ನ ಕಿವಿಯಲ್ಲಿ, "ನಾನ್ಯಾವಾಗ್ಲೇ ನಿಮ್ಮವ್ವನ್ನ ಹೆತ್ತಿದ್ದು?" ಎಂದಳು. ಇಬ್ಬರೂ ಹಿತ್ತಲಿಗೆ ಓಡಿಹೋಗಿ ಹೊಟ್ಟೆ ಹಿಡಿದುಕೊಂಡು ನಕ್ಕೆವು.

ಗಂಜಾಮಿನ ಅವಳ ಮನೆಯಲ್ಲಿ ಇನ್ನೂ ಕಷ್ಟ. ನಮ್ಮ ಗಲಾಟೆ ತಡೆಯಲಾರದೆ ಅವಳ ಅಮ್ಮಿ ಒಳಗಿನಿಂದ "ನಕ್ಕೋ, ನಕ್ಕೋ!" ಎಂದು ಗದರುತ್ತಿದ್ದರು. ಅವರ ಉರ್ದುವಿನಲ್ಲಿ ಅದರ ಅರ್ಥ 'ಬೇಡ, ಸಾಕು' ಎಂದು. ನನಗೆ ಕೇಳಿಸುತ್ತಿದ್ದುದು ಅಪ್ಪಟ ಕನ್ನಡದ 'ನಕ್ಕೋ.' ದೊಡ್ಡವರು ಅಷ್ಟು ಬಾಯ್ತುಂಬಾ ನಗು ಎಂದ ಮೇಲೆ ನಗದಿರುವುದು ಹೇಗೆ?

ಆಗ ಮುಬೀನಾ ಬುರ್ಖಾ ಹಾಕುತ್ತಿದ್ದಳು. ಹಾಕುತ್ತಿದ್ದಳು ಎಂದೆನಲ್ಲ, ಅದು ನಾವು ಚಪ್ಪಲಿ ಮೆಟ್ಟುವಂತೆ. ಎಂಟನೇ ಕ್ಲಾಸಿನಲ್ಲಿ ಅಮ್ಮಿ ಹೊಲಿಸಿಕೊಟ್ಟರು, ಬೀದಿಯ ಅವಳ ಓರಗೆಯವರೆಲ್ಲ ಹಾಕುತ್ತಿದ್ದರು, ಇವಳೂ ಹಾಕಿದಳು. ಅದರ ಬಗ್ಗೆ ಅವಳು ಯೋಚಿಸಿದ್ದನ್ನು ನಾನು ಕಂಡಿಲ್ಲ. ಅದರ ಉಪಯೋಗಗಳ ಬಗ್ಗೆ ಮಾತ್ರ ಬಹಳ ಯೋಚಿಸಿದ್ದಳು. ಅದರೊಳಗೆ ಏಳು ಸೀಬೆಕಾಯಿ ಹಿಡಿಯುತ್ತಿದ್ದವು. ಫಿಸಿಕ್ಸ್ ಪರೀಕ್ಷೆಯ ದಿನ ತಡವಾಗಿ ಎದ್ದು ನೈಟಿಯ ಮೇಲೆಯೇ ಬುರ್ಖಾ ಎಳೆದುಕೊಂಡು ಬಂದಿದ್ದಳು. ಏಪ್ರಿಲ್ಲಿನ ಬಿಸಿಲು. ಪಾಪ, ಒಳ್ಳೆಯವರಾದ ಮೇಡಮ್ಮೊಬ್ಬರು ಹತ್ತಿರ ಬಂದು, "ಸೆಕೆ ಆಗ್ತಿದ್ರೆ ತೆಗೆದಿಡಮ್ಮ, ಇಲ್ಲಿ ಬರೀ ಹುಡುಗೀರೇ ಇರೋದು," ಎಂದು ಮೂರು ಸಲ ಹೇಳಿದರು. ಮೂರು ಸಲವೂ ಇವಳು ಕಣ್ಣು ತಗ್ಗಿಸಿ, ಬಹಳ ದೈವಭಕ್ತಿಯಿಂದ, "ಬೇಡ ಮೇಡಂ," ಎಂದಳು. ನಾಲ್ಕು ಬೆಂಚು ಹಿಂದಿದ್ದ ನಾನು ನಗು ತಡೆಯಲಾಗದೆ ಆಕಳಿಕೆ ಬಂದವಳಂತೆ ಬಾಯಿ ಮುಚ್ಚಿಕೊಂಡು ಕೂತಿದ್ದೆ. ಗುರುತ್ವಾಕರ್ಷಣೆಯ ಲೆಕ್ಕವೊಂದು ಹಾಗೇ ಉಳಿದುಹೋಯಿತು.

ಆಮೇಲೆ ನಾನು ಟೀಚರಾದೆ, ಪಾಂಡವಪುರಕ್ಕೆ ಸೊಸೆಯಾಗಿ ಬಂದೆ. ಅವಳು ನರ್ಸಾದಳು, ನಾಗಮಂಗಲಕ್ಕೆ ಸೊಸೆಯಾದಳು. ಗಂಡ ರಫೀಕ್ ವ್ಯಾನು ಓಡಿಸುವ ಮಿತಭಾಷಿ. ಮಗಳು ಸನಾ. ಮಂಡ್ಯದ ಆಸ್ಪತ್ರೆಯೊಂದರಲ್ಲಿ ವರ್ಷಗಟ್ಟಲೆ ದುಡಿದು, ನಲವತ್ತು ದಾಟಿದ ಮೇಲೆ, ಮಗಳ ಜೊತೆ ಕೂತು ಇಂಗ್ಲಿಷ್ ಓದಿ ಪರೀಕ್ಷೆ ಕಟ್ಟಿ, ನಾಲ್ಕು ವರ್ಷದ ಹಿಂದೆ ಐರ್ಲೆಂಡಿನ ಒಂದು ಸಣ್ಣ ಊರಿಗೆ ಹೊರಟು ನಿಂತಳು. ವಯಸ್ಸಾದವರನ್ನು ನೋಡಿಕೊಳ್ಳುವ ಆಸ್ಪತ್ರೆಯಲ್ಲಿ ಕೆಲಸ. ವೀಸಾ ಬಂತು, ಟಿಕೆಟ್ಟು ಬಂತು. ಆಗ ಶುರುವಾಯಿತು ನೋಡಿ, ಅವಳ ತಲೆಯ ಮೇಲಿನ ಚರ್ಚೆ.

ಹೊರಡುವ ಹಿಂದಿನ ಭಾನುವಾರ ಗಂಜಾಮಿನ ಮನೆಯಲ್ಲಿ ನಾನೂ ಇದ್ದೆ. ನಾಗಮಂಗಲದಿಂದ ಅವಳ ಅತ್ತೆಯೂ ಬಂದಿದ್ದರು. ಬಿರಿಯಾನಿಯ ತಟ್ಟೆಗಳ ನಡುವೆ ಅವಳ ಅಮ್ಮಿ ಮೆಲ್ಲಗೆ ತೆಗೆದರು: "ಅಲ್ಲಿ ಓದ್ಮೇಲೆ ಸ್ಕಾರ್ಫ್ ಗೀರ್ಫ್ ಬ್ಯಾಡ ಬೇಟಿ. ಪರದೇಶ. ಯಾರಾದ್ರೂ ಏನಾದ್ರೂ ಅಂದ್ರೆ ನಾನ್ ಇಲ್ಲಿಂದ ಓಡ್ಬರಕ್ಕಾಯ್ತದಾ?" ನಾಗಮಂಗಲದ ಅತ್ತೆ ಕೈಯಲ್ಲಿದ್ದ ಮೂಳೆಯನ್ನು ತಟ್ಟೆಗೆ ಇಟ್ಟರು. "ದೇಶ ಬದ್ಲಾದ್ರೆ ತಲೆ ಬದ್ಲಾಯ್ತದಾ? ಕಟ್ಕೊಂಡೇ ಇರ್ಲಿ." ಪಕ್ಕದ ಮನೆಯವರು ಗೋಡೆಯಾಚೆಯಿಂದಲೇ ತಮ್ಮ ಅಭಿಪ್ರಾಯ ಕೊಟ್ಟರು. ಯಾರದೋ ನೆಂಟರು ಜರ್ಮನಿಯಲ್ಲಿ ಪಟ್ಟ ಪಾಡು ಬಂತು, ಇನ್ಯಾರದೋ ನೆಂಟರು ಲಂಡನ್ನಿನಲ್ಲಿ ಪಡುತ್ತಿರುವ ಸುಖ ಬಂತು. ಕೊನೆಗೆ ಎಲ್ಲರೂ ರಫೀಕನತ್ತ ತಿರುಗಿದರು. ಅವನು ಮೊಸರುಬಜ್ಜಿ ಬಡಿಸಿಕೊಳ್ಳುತ್ತಾ, "ಅಲ್ಲಿ ಬಹಳ ಚಳಿಯಂತೆ," ಎಂದು ಮುಗಿಸಿದ. ಇಡೀ ಹೊತ್ತು ಮುಬೀನಾ ಎಲ್ಲರ ತಟ್ಟೆಗೂ ಬಡಿಸುತ್ತಾ ಓಡಾಡುತ್ತಿದ್ದಳು. ಅವಳನ್ನು ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ ಎಂಬುದನ್ನು ಈಗಲೇ ಒಪ್ಪಿಕೊಂಡುಬಿಡುತ್ತೇನೆ.

ರಫೀಕ್ ಹೇಳಿದ ಚಳಿಯೇ ಆಮೇಲೆ ಅವಳನ್ನು ಕಾಪಾಡಿತು. ಕೆಲಸಕ್ಕೆ ಹೊಸಬಳು, ಗುರುತು ಪರಿಚಯವಿಲ್ಲ, ಅಮ್ಮಿಯ ಭಯ ಬೇರೆ. ವಿಮಾನದಿಂದ ಇಳಿಯುವಾಗಲೇ ಸ್ಕಾರ್ಫು ಬ್ಯಾಗಿನೊಳಗೆ ಸೇರಿತ್ತು. ಅದರ ಜಾಗದಲ್ಲಿ ಕಿವಿ ಮುಚ್ಚುವ ಉಣ್ಣೆ ಟೋಪಿ ಬಂತು. ನಾಗಮಂಗಲಕ್ಕೆ ವಿಡಿಯೋ ಕಾಲ್ ಮಾಡುವಾಗ ಟೋಪಿ ಹಾಕಿಕೊಂಡಿರುತ್ತಿದ್ದಳು. ಅತ್ತೆ, "ಮಾಶಾಲ್ಲಾ, ತಲೆ ಮುಚ್ಕೊಂಡವ್ಳೆ," ಎಂದು ಹಿಗ್ಗುತ್ತಿದ್ದರು. ಗಂಜಾಮಿಗೆ ಕಾಲ್ ಮಾಡಿದಾಗ ಅದೇ ಟೋಪಿ. ಅಮ್ಮಿ, "ಅಬ್ಬಾ, ಸ್ಕಾರ್ಫ್ ಬುಟ್ಟವ್ಳೆ," ಎಂದು ನೆಮ್ಮದಿಪಡುತ್ತಿದ್ದರು. ಒಂದು ಟೋಪಿ, ಎರಡು ತಾಲ್ಲೂಕಿನ ಶಾಂತಿ. ವರ್ಷಕ್ಕೂ ಮೇಲೆ ಹೀಗೇ ನಡೆಯಿತು. ಜುಲೈ ತಿಂಗಳಲ್ಲೂ ಟೋಪಿ ಯಾಕೆಂದು ಇಬ್ಬರು ಹಿರಿಯರಿಗೂ ಹೊಳೆಯಲಿಲ್ಲ ಎಂದುಕೊಂಡಿದ್ದೆವು.

ಒಂದು ಮಧ್ಯಾಹ್ನ, ನನ್ನ ಊಟದ ಬಿಡುವಿನಲ್ಲಿ, ಮುಬೀನಾ ಫೋನು ಮಾಡಿದಳು. ಅವಳಿಗೆ ಆಗ ಬೆಳಿಗ್ಗೆ. "ನಾನು ಹಿಜಾಬ್ ಕಟ್ಕೊಳ್ಳಾಣ ಅಂತಿವ್ನಿ ಕಣೇ. ಅಂಗೇ ನಿನಗೊಂದ್ ಮಾತು ಏಳಾಣ ಅಂತ," ಎಂದಳು. ಅಷ್ಟರಲ್ಲಿ ಬೆಲ್ಲಾಯಿತು. ಸಂಜೆ ಮನೆಗೆ ಬಂದು, ಸೊಂಟಕ್ಕೆ ಸೆರಗು ಸಿಕ್ಕಿಸಿ, ನಾನೊಂದು ವಾಯ್ಸ್ ಮೆಸೇಜು ಕಳಿಸಿದೆ. ಎಂಟು ನಿಮಿಷದ್ದು. ಆ ದಿನಗಳಲ್ಲಿ ನಮ್ಮಲ್ಲೂ ಟೀವಿ ಹಾಕಿದರೆ ಅದೇ ಜಗಳ. ತಲೆಯ ಮೇಲಿನ ಬಟ್ಟೆಯ ಬಗ್ಗೆ ತಲೆಯಿಲ್ಲದ ಮಾತುಗಳು. ಅದೆಲ್ಲ ನನ್ನ ತಲೆಯಲ್ಲೂ ತುಂಬಿತ್ತೋ ಏನೋ. ಸ್ವಾತಂತ್ರ್ಯ ಅಂದೆ, ಹೆಣ್ಣಿನ ಬಿಡುಗಡೆ ಅಂದೆ. ಅಷ್ಟು ದೂರ ಹೋಗಿ ಮತ್ತೆ ಅದೇ ಪರದೆಯೊಳಗೆ ಹೋಗುತ್ತೀಯಾ ಅಂದೆ. ಸ್ಕೂಲಿನ ಭಾಷಣ ಸ್ಪರ್ಧೆಗೆ ಬರೆದುಕೊಟ್ಟು ರೂಢಿಯಾದವಳಲ್ಲವೇ, ಕೊನೆಗೆ "ಎದ್ದೇಳು ಮುಬೀನಾ" ಎಂದೂ ಅಂದುಬಿಟ್ಟೆ. ಎದ್ದು, ಸ್ನಾನ ಮಾಡಿ, ಹನ್ನೆರಡು ಗಂಟೆಯ ಡ್ಯೂಟಿ ಮಾಡುವವಳಿಗೆ!

ಮೆಸೇಜಿನ ಪಕ್ಕ ನೀಲಿ ಗೀಟು ಬಿತ್ತು. ಉತ್ತರ ಬರಲಿಲ್ಲ. ಒಂದು ವಾರವಾಯಿತು, ತಿಂಗಳಾಯಿತು, ಮೂರು ತಿಂಗಳಾಯಿತು. ಮೊದಲು ನನಗೆ ಸಿಟ್ಟು ಬಂತು, ಆಮೇಲೆ ಹಟ, ಆಮೇಲೆ ಭಯ. ಒಂದು ದಿನ ಧೈರ್ಯ ಮಾಡಿ ನನ್ನ ಮೆಸೇಜನ್ನು ನಾನೇ ಕೇಳಿಸಿಕೊಂಡೆ. ಮೂರನೇ ನಿಮಿಷಕ್ಕೆ ನಾಚಿಕೆಯಾಗಿ ನಿಲ್ಲಿಸಿದೆ. ಗಂಜಾಮಿನ ಬಿರಿಯಾನಿ ಪಂಚಾಯ್ತಿಯಲ್ಲಿ ಕೂತಿದ್ದವರ ದನಿಗೂ ನನ್ನ ದನಿಗೂ ಏನೇನೂ ವ್ಯತ್ಯಾಸವಿರಲಿಲ್ಲ. ಅವರು ಉಣ್ಣುತ್ತಾ ಹೇಳಿದ್ದರು, ನಾನು ಉಂಡು ಹೇಳಿದ್ದೆ. ಅಷ್ಟೇ.

'ತಪ್ಪಾಯ್ತು ಕಣೇ' ಎಂದು ಎರಡೇ ಪದ ಕಳಿಸಿದೆ. ಮರುದಿನ ಸ್ಟಾಫ್ ರೂಮಿನಲ್ಲಿ ಕೂತಿದ್ದಾಗ ಅವಳಿಂದ ವಾಯ್ಸ್ ಮೆಸೇಜು ಬಂತು. ಕಿವಿಗೆ ಹಿಡಿದರೆ ಮಾತೇ ಇಲ್ಲ, ಬರೀ ನಗು. ಒಂದೂವರೆ ನಿಮಿಷ ಅವಳು ನಗುತ್ತಲೇ ಇದ್ದಳು. ಏನಾದರೂ ಹೇಳಲು ಬಾಯಿ ತೆರೆಯುವುದು, "ಕೋಳಿ..." ಎನ್ನುವುದು, ಮತ್ತೆ ಬಿದ್ದು ಬಿದ್ದು ನಗುವುದು. ನನಗೂ ನಗು ಬಂತು. ಏನೆಂದು ಗೊತ್ತಿಲ್ಲದೆ, ಕಣ್ಣಲ್ಲಿ ನೀರು ಬರುವಷ್ಟು, ಮೇಜು ತಟ್ಟಿಕೊಂಡು ನಕ್ಕೆ. ಪಕ್ಕದಲ್ಲಿದ್ದ ಗಣಿತದ ಮೇಷ್ಟ್ರು ತಮ್ಮ ಟಿಫನ್ ಡಬ್ಬಿಯನ್ನು ಸ್ವಲ್ಪ ಅತ್ತ ಸರಿಸಿಕೊಂಡರು.

ಸಂಜೆ ಅವಳೇ ಕಾಲ್ ಮಾಡಿ ಕೋಳಿಯ ಕಥೆ ಹೇಳಿದಳು. ಅವಳ ವಾರ್ಡಿನಲ್ಲಿ ತೊಂಬತ್ತರ ಹತ್ತಿರದ ಒಬ್ಬ ಅಜ್ಜಿ, ಹೆಸರು ಬ್ರಿಜೆಟ್. ಮುಬೀನಾಳ ಬಾಯಲ್ಲಿ ಬ್ರಿಜೆಟ್ಟಮ್ಮ. ಅಜ್ಜಿಗೆ ಮರೆವು. ಮುಬೀನಾ ಹಿಜಾಬ್ ಕಟ್ಟಲು ಶುರುಮಾಡಿದ ವಾರವೇ ಅಜ್ಜಿ ಅವಳ ಕೈ ಹಿಡಿದು "ಸಿಸ್ಟರ್" ಎಂದಿತಂತೆ. ಮಂಡ್ಯದಲ್ಲಿ ನರ್ಸುಗಳನ್ನೆಲ್ಲ ಸಿಸ್ಟರ್ ಎಂದೇ ಕರೆಯುವುದರಿಂದ ಇವಳಿಗೆ ಅದರಲ್ಲೇನೂ ವಿಶೇಷ ಕಾಣಲಿಲ್ಲ. ಆದರೆ ಅಜ್ಜಿ ಕಂಡದ್ದು ತಲೆವಸ್ತ್ರ ಹೊದ್ದ ಕ್ರೈಸ್ತ ಸನ್ಯಾಸಿನಿಯನ್ನು.

ಮುಬೀನಾ ಹೇಳುವಾಗ ಐರ್ಲೆಂಡಿನ ಅಜ್ಜಿಯೂ ನಮ್ಮ ಕನ್ನಡವನ್ನೇ ಮಾತಾಡುತ್ತಿತ್ತು. "'ಸಿಸ್ಟರ್, ನಾನೊಂದ್ ತೆಪ್ಪು ಮಾಡಿವ್ನಿ, ಇವತ್ತಿನಗಂಟ ಯಾರ್ ತಾವೂ ಏಳಿಲ್ಲ' ಅಂತು ಕಣೇ. ನಾನು ಮಾತ್ರೆ ಉಗಿದವ್ಳೆ ಅಂದ್ಕೊಂಡೆ. 'ಏಳಜ್ಜಿ' ಅಂದೆ. ಎಪ್ಪತ್ತು ವರ್ಷದ ಇಂದೆ ಪಕ್ಕದ್ ಮನೆ ಕೋಳಿ ಕದ್ದು ಸಾರು ಮಾಡ್ಕೊಂಡು ತಿಂದ್ಬುಟ್ಟಿತ್ತಂತೆ! ಆ ಕೋಳಿ ಉಡುಕ್ಕೊಂಡು ಪಕ್ಕದ್ಮನೆಯೋಳು ಬಂದ್ರೆ, ಅವಳ ಜೊತೆ ತಾನೂ ಬೇಲಿ ಬೇಲಿ ಉಡುಕ್ತಂತೆ! 'ನನಗೆ ಶಿಕ್ಷೆ ಕೊಡಿ ಸಿಸ್ಟರ್' ಅಂತ ಕೈ ಬುಡ್ತಿಲ್ಲ. ನನಗೇನ್ ಗೊತ್ತು ಅವರ ಶಾಸ್ತ್ರ?"

"ಏನ್ ಮಾಡ್ದೆ?"

"ಅಜ್ಜಿಗೆ ಸಕ್ಕರೆ ಕಾಯಿಲೆ. 'ಒಂದ್ ತಿಂಗಳು ಸಕ್ಕರೆ ಇಲ್ದೇ ಟೀ ಕುಡೀಬೇಕು' ಅಂದ್ಬುಟ್ಟೆ. ಮಾತಾಡ್ದೆ ಒಪ್ಕೊಂಡ್ತು ಕಣೇ! ಡಾಕ್ಟ್ರು ವರ್ಷದಿಂದ ಏಳಿದ್ರೂ ಕೇಳಿರ್ನಿಲ್ಲ."

ನಕ್ಕು ನಕ್ಕು ಸುಸ್ತಾದ ಮೇಲೆ, ಉಳಿದದ್ದನ್ನೂ ಹೇಳಿದಳು. ಅದು ನಗುವ ವಿಷಯವಾಗಿರಲಿಲ್ಲ. ಹಿಜಾಬ್ ಕಟ್ಟಿದ ಎರಡನೇ ವಾರ ಬಸ್ ಸ್ಟಾಪಿನಲ್ಲಿ ಒಬ್ಬ ಗಂಡಸು ಅವಳ ಮುಖದ ಹತ್ತಿರ ಬಂದು, ನಿನ್ನ ದೇಶಕ್ಕೆ ಹೋಗು ಎಂದು ಕೂಗಿದನಂತೆ. ಅದೇ ವಾರ ಬೇರೊಬ್ಬ ರೋಗಿಯ ಮಗ, ನಮ್ಮಪ್ಪನನ್ನು ಇವಳು ಮುಟ್ಟುವುದು ಬೇಡ ಎಂದು ದೂರು ಕೊಟ್ಟ. ಮೇಲಿನವಳು, ಅಂದರೆ ಹೆಡ್ ನರ್ಸು, ಕರೆದು, ಡ್ಯೂಟಿಯಲ್ಲಿ ಅದನ್ನು ತೆಗೆದಿಟ್ಟರೆ ಎಲ್ಲರಿಗೂ ಸಲೀಸಲ್ಲವೇ, ಎರಡು ದಿನ ಯೋಚಿಸು ಎಂದಳು. ಕೆಲಸ ಹೋದರೆ, ಮುಂದೆ ಅಲ್ಲಿಗೆ ಬಂದು ಸೇರಬೇಕಿದ್ದ ಸನಾಳ ಓದು, ರಫೀಕನ ವೀಸಾ ಎಲ್ಲವೂ ಹೋದಂತೆ.

"ಮರುದಿನ ಕನ್ನಡಿ ಮುಂದೆ ನಿಂತ್ಕೊಂಡೆ. ಕೈ ಮೇಲಕ್ಕೇ ಬರ್ತಿಲ್ಲ. ಬಸ್ಸು ತಪ್ಪೋಯ್ತು. ನಿಂತೇ ಇದ್ದೆ. ಆಗ ಒಂದ್ ಗ್ಯಾನ ಬಂತು ಕಣೇ. ಎಂಟನೇ ಕ್ಲಾಸ್ನಲ್ಲಿ ಹಾಕ್ಕೊಂಡೆ, ಎಲ್ಲಾರೂ ಹಾಕ್ತಿದ್ರು ಅಂತ. ಇಲ್ಲಿ ಬಂದು ಬುಟ್ಟೆ, ಯಾರೂ ಹಾಕಲ್ಲ ಅಂತ. ಎರಡು ಸಲಾನೂ ನಾನು ಅಂತ ಏನೂ ತೀರ್ಮಾನ ಮಾಡೇ ಇರ್ನಿಲ್ಲ. ಈ ಮೂರನೇ ಸಲಾನೂ ಇನ್ನೊಬ್ರು ಏಳಿದ್ರು ಅಂತ ಬುಟ್ಬುಡ್ಲಾ? ಮನೇಲಿ ಯಾರೂ ಇಲ್ಲ. ಅಮ್ಮಿ ಇಲ್ಲ, ಅತ್ತೆ ಇಲ್ಲ, ನಿನ್ ಎಂಟು ನಿಮಿಷನೂ ಇಲ್ಲ. ನಾನು, ನನ್ ದೇವ್ರು, ಕನ್ನಡಿ. ಬೇಕು ಅನ್ನಿಸ್ತು. ಕಟ್ಕೊಂಡೆ. ಆಮೇಲೆ ಏನಾಯ್ತು ಗೊತ್ತಾ? ನಗು ಬಂದ್ಬುಡ್ತು! ಒಬ್ಬಳೇ ನಿಂತ್ಕೊಂಡು ಕಿಸಿಕಿಸಿ ನಗ್ತಾವ್ನಿ, ನೈಟೀಲಿ ಪರೀಕ್ಷೆ ಬರೆದವಳಂಗೆ. ನನ್ ತಲೆ ಬಗ್ಗೆ ನಾನೇ ತೀರ್ಮಾನ ತಗೊಂಡ್ರೆ ಇಷ್ಟು ಮಜಾ ಇರ್ತದೆ ಅಂತ ನಲವತ್ತೈದು ವರ್ಷ ಯಾರೂ ಏಳೇ ಇಲ್ವಲ್ಲೇ!"

ಕೆಲಸದಲ್ಲಿ ಅವಳು ತೆಗೆಯುವುದಿಲ್ಲ ಎಂದಳು. ಮೇಲಿನವಳು ನಿಟ್ಟುಸಿರುಬಿಟ್ಟು ಬೇರೆ ವಾರ್ಡಿಗೆ ಹಾಕಿದಳು. ಇತ್ತ ಬ್ರಿಜೆಟ್ಟಮ್ಮ ಮಾತ್ರೆ ನುಂಗುವುದನ್ನು ನಿಲ್ಲಿಸಿತು. "ನಮ್ ಸಿಸ್ಟರ್ ಬರ್ಲಿ" ಎಂದು ಬಾಯಿ ಬಿಗಿಹಿಡಿದು ಕೂತಿತು. ಇನ್ನೊಬ್ಬ ನರ್ಸು ಟೀಗೆ ಸಕ್ಕರೆ ಹಾಕಿ ತಂದರೆ, "ನಾನಿನ್ನೂ ಶಿಕ್ಷೇಲಿವ್ನಿ" ಎಂದು ಕಪ್ಪನ್ನೇ ತಳ್ಳಿತಂತೆ. ಐದನೇ ದಿನ ಮುಬೀನಾಳನ್ನು ಅದೇ ವಾರ್ಡಿಗೆ ವಾಪಸು ಕರೆದರು. ದೂರು ಕೊಟ್ಟವನ ಅಪ್ಪನನ್ನು ಬೇರೆಯವರು ನೋಡಿಕೊಂಡರು. ಅವನ ಮನಸ್ಸೇನೂ ಬದಲಾಗಲಿಲ್ಲ. ಆದರೆ ಅವಳ ಕೆಲಸ ಉಳಿಯಿತು. "ಅಜ್ಜಿ ನೋಡಿದ್ದು ನನ್ನನ್ನಲ್ಲ, ಯಾವಳೋ ಸಿಸ್ಟರನ್ನ. ಅದು ನನಗೂ ಗೊತ್ತು," ಎಂದಳು ಮುಬೀನಾ. "ಆದ್ರೂ ಕೋಳಿ ವಿಷ್ಯ ಬುಡಿಸಿ ಏಳಿದ್ದು ನನ್ ತಾವಲೇ ತಾನೇ?"

ಈ ಸಲ ರಜೆಗೆ ಬಂದಾಗ, ಈಗ ಅಮ್ಮನ ಬಳಿಯೇ ಇದ್ದು ಓದುತ್ತಿರುವ ಸನಾ ಜೊತೆಗಿದ್ದಳು. ಹದಿನೈದು ವರ್ಷ, ಅಮ್ಮನಿಗಿಂತ ಎತ್ತರ, ತಲೆಯ ಮೇಲೆ ಏನೂ ಇಲ್ಲ. ಏನೂ ಇಲ್ಲ ಎನ್ನುವಂತಿಲ್ಲ. ಗುಂಗುರು ಕೂದಲಿನ ನಡುವೆ ನೇರಳೆ ಬಣ್ಣದ ಒಂದು ಎಳೆ. "ಇವಳು ಕಟ್ಕೊಳ್ಳಲ್ವಾ?" ಎಂದೆ. ಮುಬೀನಾ ದನಿ ತಗ್ಗಿಸಿದಳು. "ಓದ್ ವರ್ಷ ಬಾಯಿ ತುದಿಗೆ ಬಂದಿತ್ತು ಕಣೇ, 'ಇನ್ಮೇಲೆ ಕಟ್ಕೋ' ಅಂತ. ಅಮ್ಮಿ ದನೀನೇ ನನ್ ಗಂಟಲಲ್ಲಿ ಕುಂತಿತ್ತು. ಕೆಮ್ಮಿ ಸುಮ್ಕಾದೆ." ನಾಗಮಂಗಲದ ದಾದಿಯ, ಅಂದರೆ ಅಪ್ಪನ ತಾಯಿಯ, ಎದುರಿಗೆ ಹೋಗುವಾಗ ಮನೆಮಂದಿಗೆಲ್ಲ ಎದೆ ಡವಡವ. ದಾದಿ ಮೊಮ್ಮಗಳನ್ನು ಹತ್ತಿರ ಕರೆದು, ಆ ನೇರಳೆ ಎಳೆಯನ್ನು ಬೆರಳಲ್ಲಿ ಉಜ್ಜಿ ನೋಡಿದರಂತೆ. "ಇದು ತೊಳೆದ್ರೆ ಓಯ್ತದಾ?" "ಇಲ್ಲ ದಾದಿ." "ಬರೀ ಬಣ್ಣ ತಾನೆ?" "ಹೂಂ." "ಮತ್ತೆ ಸ್ಕಾರ್ಫು?" "ನಾನಿನ್ನೂ ತೀರ್ಮಾನ ಮಾಡಿಲ್ಲ ದಾದಿ." ದಾದಿ ಆ ಎಳೆಯನ್ನು ಕೈಬಿಟ್ಟು, "ಮಾಡಿದ್ಮೇಲೆ ಫೋನ್ ಮಾಡು. ನಿಮ್ಮಮ್ಮನ ತರ ಟೋಪಿ ಹಾಕಿ ಯಾಮಾರಿಸ್ಬ್ಯಾಡ," ಎಂದರಂತೆ. ದಾದಿಗೆ ಎಲ್ಲವೂ ಗೊತ್ತಿತ್ತು. ಜುಲೈ ಟೋಪಿ ಸಹಿತ.

ನಮ್ಮ ಮನೆಗೆ ಬಂದ ಎರಡನೇ ದಿನ ನಮ್ಮಿಬ್ಬರಿಗೂ ಹುಚ್ಚು ಹಿಡಿಯಿತು. ಸನಾಳನ್ನು ನಮ್ಮತ್ತೆಯ ಜೊತೆ ಬಿಟ್ಟು, ಚಿತ್ರಾನ್ನದ ಡಬ್ಬಿ ಕಟ್ಟಿಕೊಂಡು, ನನ್ನ ಸ್ಕೂಟರಿನಲ್ಲಿ ಗೋವಿಂದನಹಳ್ಳಿಯ ಗುಡಿ ನೋಡಲು ಹೊರಟೆವು. ದಾರಿ ಗೊತ್ತು ಎಂದು ನಾನು ಹೇಳಿದ್ದೆ. ಕೆ.ಆರ್. ಪೇಟೆಯವರೆಗೆ ಗೊತ್ತಿತ್ತು, ಅದು ಸುಳ್ಳಲ್ಲ. ಅಲ್ಲಿಂದ ಮುಂದೆ ಎಡಕ್ಕೆಂದು ಬಲಕ್ಕೆ ತಿರುಗಿ, ಕಬ್ಬಿನ ಲಾರಿಯೊಂದರ ಹಿಂದೆ ಸಿಕ್ಕಿಕೊಂಡು, ಯಾವುದೋ ಕೆರೆ ಏರಿಯ ಮೇಲೆ ಹೋಗಿ ನಿಂತೆವು. ಹಿಂದೆ ಕೂತ ಮುಬೀನಾ ಪ್ರತಿ ಗುಂಡಿಗೂ "ಯಾ ಅಲ್ಲಾ" ಎನ್ನುತ್ತಿದ್ದಳು, ನಾನು ಪ್ರತಿ ಗುಂಡಿಗೂ "ಅಯ್ಯೋ ರಾಮ" ಎನ್ನುತ್ತಿದ್ದೆ. ಆ ರಸ್ತೆಗೆ ಇಬ್ಬರ ಮೊರೆಯೂ ಮುಟ್ಟಲಿಲ್ಲ.

ಏರಿಯ ಮೇಲೆ ಎಮ್ಮೆ ಮೇಯಿಸುತ್ತಿದ್ದ ಒಬ್ಬ ಯಜಮಾನರನ್ನು ದಾರಿ ಕೇಳಿದೆವು. ಅವರು ದಾರಿ ಹೇಳಿದರು. ಆಮೇಲೆ ಹೆಲ್ಮೆಟ್ಟು ತೆಗೆದು ಹಿಜಾಬ್ ಸರಿಮಾಡಿಕೊಳ್ಳುತ್ತಿದ್ದ ಮುಬೀನಾಳನ್ನೇ ನೆಟ್ಟ ಕಣ್ಣಿಂದ ನೋಡತೊಡಗಿದರು. ನನಗೆ ಒಳಗೊಳಗೇ ದಿಗಿಲು. ಏನೆನ್ನುತ್ತಾರೋ, ಏನು ಕೇಳುತ್ತಾರೋ. ಅವರು ತಮ್ಮ ಟವೆಲ್ಲು ಸರಿಸಿ, ಪೂರಾ ಬೋಳಾದ ತಲೆ ಸವರಿಕೊಂಡು, ಬಹಳ ಸಂಕೋಚದಿಂದ ಕೇಳಿದರು: "ಅಲ್ಲಾ ಕಣ್ ತಾಯಿ, ಎಲ್ಮೆಟ್ ಒಳೀಕೆ ಇಂಗ್ ಬಟ್ಟೆ ಕಟ್ಕೊಂಡ್ರೆ ಕೂದ್ಲು ಉದ್ರಾಕಿಲ್ವಂತೆ, ನಿಜವಾ?"

"ನಿಜ ಕಣಣ್ಣ," ಎಂದಳು ಮುಬೀನಾ, ಗಂಭೀರವಾಗಿ. "ಉದುರೋಕ್ ಮುಂಚೆ ಕಟ್ಕೋಬೇಕು."

ಯಜಮಾನರು ಮೊದಲು ನಕ್ಕರು. ಆಮೇಲೆ ನಾವು. ಮುಂದಿನ ಎರಡು ಮೈಲಿ ಸ್ಕೂಟರು ಹಾವಿನಂತೆ ಹರಿದಾಡಿದ್ದು ರಸ್ತೆಯ ತಪ್ಪಲ್ಲ.

ಗೋವಿಂದನಹಳ್ಳಿಯಲ್ಲಿ ಐದು ಗುಡಿಗಳು ಅಕ್ಕತಂಗಿಯರಂತೆ ಒಂದೇ ಸಾಲಿನಲ್ಲಿ ಕೂತಿವೆ. ನಮ್ಮನ್ನು ಬಿಟ್ಟರೆ ಅಲ್ಲಿ ಯಾರೂ ಇರಲಿಲ್ಲ. ಹೊರಗಿನ ಕಲ್ಲಿನ ಮೇಲೆ ಕೂತು ಚಿತ್ರಾನ್ನ ತಿನ್ನುವಾಗ ಮುಬೀನಾ ನನ್ನ ಜಡೆಯನ್ನೇ ನೋಡುತ್ತಾ, "ಒಂದ್ ಮಾತ್ ಕೇಳ್ಲಾ? ಎಂಟು ನಿಮಿಷ ತಗೊಳ್ಳಲ್ಲ," ಎಂದಳು.

"ಕೇಳು."

"ಹೂವ ಅಂದ್ರೆ ಪ್ರಾಣ ಬುಡ್ತಿದ್ದೋಳು ನೀನು. ಲ್ಯಾಬಲ್ಲಿ ಬರ್ನರ್ ಹಚ್ಚುವಾಗ ಹೂವ ಸುಟ್ಕೊಂಡೋಳು. ನಿಮ್ಮೆಜಮಾನ್ರು ಹೋಗಿ ಐದು ವರ್ಷ ಆಯ್ತು. ಮುಡಿಯಾದು ಬುಟ್ಯಲ್ಲ, ಅದು ನಿನ್ ತೀರ್ಮಾನವಾ?"

ಬಾಯಲ್ಲಿದ್ದ ಕಡಲೆಬೀಜ ಹಾಗೇ ನಿಂತಿತು. ಸಂಪ್ರದಾಯ ಅನ್ನಲೋ, ಸ್ಕೂಲು ಅನ್ನಲೋ? "ಅತ್ತೆ ಏನಂದ್ಕೋತಾರೋ ಅಂತ..." ಎಂದೆ.

"ಕೇಳಿದ್ಯಾ ಅವರನ್ನ?"

"ಇಲ್ಲ."

"ಐದು ವರ್ಷದಿಂದ?"

ನಾನು ಡಬ್ಬಿಯ ಮುಚ್ಚಳ ಮುಚ್ಚಿದೆ. ಐರ್ಲೆಂಡಿನವರೆಗೆ ಹಾರಿಹೋಗಿ ಬಿಡುಗಡೆ ಸಾರಿದ್ದ ನನ್ನ ನಾಲಿಗೆ ಅಡುಗೆಮನೆಯವರೆಗೆ ಹೋಗಿರಲಿಲ್ಲ. ಅವಳು ಮತ್ತೇನೂ ಅನ್ನಲಿಲ್ಲ. ಅಂದಿದ್ದರೆ ಜಗಳವಾಡಬಹುದಿತ್ತು.

ಮನೆಗೆ ಬಂದಾಗ ಇಳಿಬಿಸಿಲು. ನಮ್ಮತ್ತೆ ಜಗುಲಿಯ ಮೇಲೆ ಕಾಲು ಚಾಚಿ ಕೂತಿದ್ದರು, ಸನಾ ಅವರಿಗೆ ಕೊಡವ ರೀತಿಯೋ ಇಂಗ್ಲೆಂಡ್ ರಾಣಿಯ ರೀತಿಯೋ ತಿಳಿಯದ ಹಾಗೆ ಅಮ್ಮನ ಸ್ಕಾರ್ಫೊಂದನ್ನು ಕಟ್ಟಿ ಫೋಟೋ ತೆಗೆಯುತ್ತಿದ್ದಳು. "ಕಳೆ ಕೀಳಾಕೆ ಓದಾಗ ನಾವೂ ಇಂಗೇ ಸೆರಗು ಕಟ್ಕತಿದ್ದೋ ಕಣಮ್ಮೀ. ಪಿನ್ನು ಇರ್ನಿಲ್ಲ, ಅಷ್ಟೇಯ," ಎಂದು ಅತ್ತೆ ಅವಳಿಗೆ ವಿವರಿಸುತ್ತಿದ್ದರು. ಹೆಲ್ಮೆಟ್ಟು ಕೈಯಲ್ಲಿ ಹಿಡಿದೇ, ಇನ್ನೊಂದು ನಿಮಿಷ ತಡಮಾಡಿದರೆ ಧೈರ್ಯ ಹೋಗುತ್ತದೆಂದು, ನಾನು ಕೇಳಿಬಿಟ್ಟೆ: "ಅತ್ತೆಮ್ಮ, ನಾನು ಹೂವ ಮುಡ್ಕೊಂಡ್ರೆ ನೀವೇನಾದ್ರೂ ಅಂದ್ಕೋತೀರಾ?"

ಅತ್ತೆ ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ನಾನೇನಂದ್ಕೊಳಾನವ್ವಾ? ನಾನ್ ಯಾವತ್ತಾರ ಮುಡೀಬ್ಯಾಡ ಅಂದಿದ್ನಾ?"

"ಇಲ್ಲ. ಮತ್ತೆ..."

"ನೀನೇ ಬುಟ್ಟೆ. ಊವ ತಂದ್ಕೊಟ್ರೆ ನಿಂಗೆ ನೋವಾಯ್ತದೇನೋ ಅಂತ ನಾನು ತರಾದು ಬುಟ್ಟೆ. ಊವಿನೋಳು ಬಾಗ್ಲಿಗ್ ಬಂದ್ರೆ ನಿಂಗ್ ಕಾಣ್ದಂಗೆ ಮುಂದಕ್ ಕಳಿಸ್ತಿದ್ದೆ. ಐದೊರ್ಸ!"

ಅತ್ತೆಯ ತಲೆಯ ಮೇಲೆ ಹಸಿರು ರೇಷ್ಮೆಯ ಹಿಜಾಬು, ನನ್ನ ಕೈಯಲ್ಲಿ ಹೆಲ್ಮೆಟ್ಟು, ನಡುವೆ ಐದು ವರ್ಷ. ಒಬ್ಬರಿಗೊಬ್ಬರು ನೋವಾಗದಿರಲಿ ಎಂದು ಎಷ್ಟು ಅಚ್ಚುಕಟ್ಟಾಗಿ ಸುಮ್ಮನಿದ್ದೆವು! ಮೊದಲು ಕಿಸಕ್ಕೆಂದವಳು ಸನಾ. ಆಮೇಲೆ ಮುಬೀನಾ. ಆಮೇಲೆ ಅತ್ತೆ ಸ್ಕಾರ್ಫಿನ ತುದಿಯಿಂದ ಕಣ್ಣೊರೆಸಿಕೊಳ್ಳುತ್ತಾ, ನಗುತ್ತಾ, "ನಾಳೀಕೆ ತರೋದಾದ್ರೆ ನನಗೂ ಒಂದ್ ಮೊಳ ತತ್ತಾ," ಎಂದರು. "ಮುಡಿಯಾಕಲ್ಲ. ತಲೆದಿಂಬಿನ್ ತಾವ ಮಡಿಕ್ಕೊಳ್ಳಾಕೆ. ನಂಗೆ ವಾಸ್ನೆ ಇಷ್ಟ."

ಮರುದಿನ ಸ್ಕೂಲಿಗೆ ದಂಡೆಯಂಥ ಮಲ್ಲಿಗೆ ಮುಡಿದು ಹೋದೆ. ಮುಬೀನಾ ಹಿಂದಿನಿಂದ ಸಿಕ್ಕಿಸಿದಳು, ತನ್ನದೇ ಪಿನ್ನಿನಲ್ಲಿ. ಗಣಿತದ ಮೇಷ್ಟ್ರು ನೋಡಿಯೂ ನೋಡದವರಂತೆ ಟಿಫನ್ ಡಬ್ಬಿ ತೆರೆದರು. ಒಬ್ಬ ಮೇಡಮ್ಮು ಹುಬ್ಬೇರಿಸಿ, ಇನ್ನೊಬ್ಬರ ಮುಖ ನೋಡಿದರು. ಎಂಟನೇ ಕ್ಲಾಸಿನ ಹುಡುಗಿಯೊಬ್ಬಳು, "ಮಿಸ್, ಚೆನ್ನಾಗ್ ಕಾಣ್ತಿದ್ದೀರಾ," ಎಂದಳು. ನನಗೆ ಎರಡನೇ ಪೀರಿಯಡ್ಡಿನ ಹೊತ್ತಿಗೆ ತಲೆನೋವು ಶುರುವಾಯಿತು. ಸತ್ಯ ಹೇಳುತ್ತೇನೆ, ಐದು ವರ್ಷ ನಾನು ಹಂಬಲಿಸಿದ್ದ ಮಲ್ಲಿಗೆಯ ಗಂಧ ನನಗೀಗ ಆಗಿಬರುವುದಿಲ್ಲ! ಮೂರನೇ ದಿನದಿಂದ ಕನಕಾಂಬರಕ್ಕೆ ಬದಲಾಯಿಸಿದೆ. ಕೆಲವು ದಿನ ಒಂದೇ ಒಂದು ಸೇವಂತಿಗೆ. ಕೆಲವು ದಿನ ಏನೂ ಇಲ್ಲ.

ಇವತ್ತು ಮಧ್ಯಾಹ್ನ ಮುಬೀನಾ ವಿಡಿಯೋ ಕಾಲ್ ಮಾಡಿದ್ದಳು, ಡ್ಯೂಟಿಗೆ ಹೊರಡುವ ಗಡಿಬಿಡಿಯಲ್ಲಿ, ತಲೆಗೆ ನೀಲಿ ಹಿಜಾಬು. ಹಿಂದೆ ಸನಾ ಬರಿತಲೆಯಲ್ಲಿ ಬ್ರೆಡ್ಡು ಕಚ್ಚುತ್ತಾ ಕೈಬೀಸಿದಳು.

"ತಿರುಗು, ನೋಡಾಣ," ಎಂದಳು ಮುಬೀನಾ.

ತಿರುಗಿದೆ. ಬರೀ ಜಡೆ.

"ಯಾಕೇ ಇಲ್ಲ ಇವತ್ತು? ಯಾರಾದ್ರೂ ಏನಾದ್ರೂ ಅಂದ್ರಾ?"

"ಯಾರೂ ಏನೂ ಅನ್ನಲಿಲ್ಲ."

"ಮತ್ತೆ?"

"ಮನಸ್ಸಾಗಲಿಲ್ಲ," ಎಂದೆ.

ಅಷ್ಟೇ. ಅದಕ್ಕೆ ನಗುವಂಥದ್ದೇನೂ ಇರಲಿಲ್ಲ. ಆದರೆ ಆ ಮಾತು ಬಾಯಿಂದ ಬಿದ್ದದ್ದೇ ತಡ, ಅಲ್ಲಿ ಅವಳಿಗೂ ಇಲ್ಲಿ ನನಗೂ ಏನಾಯಿತೋ, ಅವಳ ಬಸ್ಸು ತಪ್ಪುವವರೆಗೂ ನನ್ನ ಬೆಲ್ಲು ಹೊಡೆಯುವವರೆಗೂ ಇಬ್ಬರೂ ನಗುತ್ತಲೇ ಇದ್ದೆವು.